ನೋಡದೆ ಹಾಕಿದ ಸಹಿ



ಇಂದಿನ ಚಿಂತನೆ ದಿನಕ್ಕಿಂತ ಉದ್ದವಾಗಿದೆ. ಬೆಳಿಗ್ಗೆ ಪುರುಸೊತ್ತಿಲ್ಲದವರು ರಾತ್ರಿ ಓದಿ. ಅರ್ಧಕ್ಕೆ ಮಾತ್ರ ಬಿಡಬೇಡಿ.

ಕಳೆದ ಭಾನುವಾರದ ಓದಿನಲ್ಲಿ ಸಮ್ಯಕ್ ಆಜೀವದ ವಿಷಯ ಬಂದಿತ್ತು. ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಅಂಗುತ್ತರ ನಿಕಾಯದಲ್ಲಿ ಬುದ್ಧರು ಹೇಳುತ್ತಾರೆ: ಶಸ್ತ್ರ, ಜೀವಿಗಳು, ಮಾಂಸ, ಮಾದಕ ಪದಾರ್ಥ, ವಿಷ. ಪಟ್ಟಿಯಲ್ಲಿ ಮೊದಲನೆಯದೇ ಶಸ್ತ್ರ. ಆಗ ನಮ್ಮ ಬಳಗದ ಹಿರಿಯರೊಬ್ಬರು, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಒಂದು ಪ್ರಶ್ನೆ ಎತ್ತಿದರು.

"ಮೇಡಂ, ನಾವ್ಯಾರೂ ಬಂದೂಕು ಮಾರೋರಲ್ಲ. ಸರಿ. ಆದ್ರೆ ಒಂದು ಸರ್ಕಾರ ತನ್ನ ಜನರ ತೆರಿಗೆ ದುಡ್ಡಲ್ಲಿ ಇನ್ನೊಂದು ದೇಶದ ಸೈನ್ಯಕ್ಕೆ ಬಂದೂಕು ಕೊಡುತ್ತೆ. ಆ ಸೈನ್ಯ ಹೋಗಿ ಹಳ್ಳಿ ಜನರನ್ನ ಕೊಲ್ಲುತ್ತೆ. ಆ ಕರ್ಮನ ಯಾರ ಖಾತೆಗೆ ಬರೆಯೋದು? ಗುಂಡು ಹೊಡೆದವನಿಗಾ, ಬಂದೂಕು ಕೊಟ್ಟ ಸರ್ಕಾರಕ್ಕಾ, ತೆರಿಗೆ ಕಟ್ಟಿದವರಿಗಾ?"

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವಾರ ಬರೆದು ಹಾಕುತ್ತೇನೆ ಅಂದಿದ್ದೆ. ಯೋಚಿಸುತ್ತಾ ಹೋದಾಗ ಒಂದು ನಿಜವಾದ ಪ್ರಕರಣವನ್ನು ಎದುರಿಗಿಟ್ಟುಕೊಂಡೇ ಇದನ್ನು ನೋಡಬೇಕು ಅನ್ನಿಸಿತು. ಬರೀ ತತ್ವದಲ್ಲಿ ಮಾತಾಡಿದರೆ ನಾವೆಲ್ಲ ಸುಲಭವಾಗಿ ಒಳ್ಳೆಯವರಾಗಿಬಿಡುತ್ತೇವೆ.

*ಪತ್ರ ಬರೆದ ಗುರು*

ಎಲ್ ಸಾಲ್ವಡಾರ್ ಮಧ್ಯ ಅಮೆರಿಕದ ಪುಟ್ಟ ದೇಶ. ಅಲ್ಲಿ 1980ರಿಂದ 1992ರವರೆಗೆ ಅಂತರ್ಯುದ್ಧ ನಡೆಯಿತು. ಒಂದು ಕಡೆ ಸರ್ಕಾರದ ಸೈನ್ಯ ಮತ್ತು ಅದರ ನೆರಳಿನಲ್ಲಿದ್ದ ಕೊಲೆಗಡುಕ ತಂಡಗಳು, ಇನ್ನೊಂದು ಕಡೆ ಎಡಪಂಥದ ಗೆರಿಲ್ಲಾಗಳು. ಸುಮಾರು 75,000 ಜನ ಸತ್ತರು. ಅದು ಶೀತಲ ಸಮರದ ಕಾಲ. ಇನ್ನೊಂದು ದೇಶ ಕಮ್ಯುನಿಸ್ಟರ ಕೈಗೆ ಹೋಗಬಾರದು ಎಂದು ಅಮೆರಿಕ ಸೈನ್ಯದ ಬೆನ್ನಿಗೆ ನಿಂತಿತು. ಯುದ್ಧ ಮುಗಿಯುವ ಹೊತ್ತಿಗೆ ಮಿಲಿಟರಿ ನೆರವೊಂದೇ ನೂರು ಕೋಟಿ ಡಾಲರ್ ದಾಟಿತ್ತು.

ಇದನ್ನು ಬೇಡವೆಂದ ಒಬ್ಬರಿದ್ದರು. ರಾಜಧಾನಿ ಸಾನ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ. ಅವರು 1980ರ ಫೆಬ್ರವರಿ 17ರಂದು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ ಪತ್ರ ಬರೆದರು. ನಿಮಗೆ ಮಾನವ ಹಕ್ಕುಗಳ ಬಗ್ಗೆ ನಿಜವಾಗಿ ಕಾಳಜಿ ಇದ್ದರೆ ನಮ್ಮ ಸೈನ್ಯಕ್ಕೆ ನೆರವು ಕೊಡಬೇಡಿ, ಅದು ನಮ್ಮ ಜನರ ಮೇಲಿನ ದಬ್ಬಾಳಿಕೆಯನ್ನೇ ಹೆಚ್ಚಿಸುತ್ತದೆ ಎಂಬುದು ಅದರ ಸಾರ. ಮುಂದಿನ ತಿಂಗಳು 24ನೇ ತಾರೀಖು, ಪೂಜೆ ನಡೆಸುತ್ತಿದ್ದಾಗಲೇ ಅವರನ್ನು ಗುಂಡಿಟ್ಟು ಕೊಂದರು. ನೆರವು ನಿಲ್ಲಲಿಲ್ಲ.

ಅದೇ ವರ್ಷ ಡಿಸೆಂಬರ್ 2ರಂದು ಅಲ್ಲಿ ಬಡವರ ನಡುವೆ ಕೆಲಸ ಮಾಡುತ್ತಿದ್ದ ಅಮೆರಿಕದ ನಾಲ್ವರು ಧಾರ್ಮಿಕ ಸೇವಕಿಯರನ್ನು ಸರ್ಕಾರಿ ಪಡೆಯವರೇ ಕೊಂದರು. ಕಾರ್ಟರ್ ನೆರವನ್ನು ತಡೆಹಿಡಿದರು. ಮುಂದಿನ ತಿಂಗಳೇ ಮಿಲಿಟರಿ ನೆರವು ಮತ್ತೆ ಶುರುವಾಯಿತು.

*ಆರು ತಿಂಗಳಿಗೊಮ್ಮೆ ಒಂದು ಪ್ರಮಾಣಪತ್ರ*

ಅಮೆರಿಕದಲ್ಲಿ ಖಜಾನೆಯ ಕೀಲಿ ಇರುವುದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಕೈಯಲ್ಲಿ. ಅದು ಒಪ್ಪದೆ ಅಧ್ಯಕ್ಷರು ದುಡ್ಡು ಕೊಡುವಂತಿಲ್ಲ. ಜನರ ಸಿಟ್ಟು ಹೆಚ್ಚಾದಾಗ ಕಾಂಗ್ರೆಸ್ 1981ರಲ್ಲಿ ಒಂದು ಷರತ್ತು ಹಾಕಿತು. ಎಲ್ ಸಾಲ್ವಡಾರ್ ಸರ್ಕಾರ ಮಾನವ ಹಕ್ಕುಗಳನ್ನು ಪಾಲಿಸಲು ಗಣನೀಯ ಪ್ರಯತ್ನ ಮಾಡುತ್ತಿದೆ, ತನ್ನ ಸೈನ್ಯವನ್ನು ಹತೋಟಿಗೆ ತರುತ್ತಿದೆ ಎಂದು ಅಧ್ಯಕ್ಷರು ಪ್ರಮಾಣೀಕರಿಸಬೇಕು. ಮೊದಲ ಪ್ರಮಾಣಪತ್ರ ಮೂವತ್ತು ದಿನದೊಳಗೆ, ಆಮೇಲೆ ಆರು ತಿಂಗಳಿಗೊಮ್ಮೆ. ಪ್ರಮಾಣಪತ್ರ ಇಲ್ಲದಿದ್ದರೆ ನೆರವಿಲ್ಲ.

ಒಳ್ಳೆಯ ಕಾನೂನು ಅಲ್ಲವೇ? ಕೊಡುವವನು ಕೊಡುವ ಮುನ್ನ ಒಮ್ಮೆ ನೋಡಲಿ ಎಂಬುದು ಅದರ ಆಶಯ. ಆಗ ಅಧ್ಯಕ್ಷರಾಗಿದ್ದವರು ರೊನಾಲ್ಡ್ ರೇಗನ್. 1981ರ ಡಿಸೆಂಬರ್ 29ರಂದು ಅವರು ಆ ಕಾನೂನಿಗೆ ಸಹಿ ಹಾಕಿದರು.

ಅದಕ್ಕೆ ಹದಿನೆಂಟು ದಿನ ಮುಂಚೆ, ಡಿಸೆಂಬರ್ 11ರಂದು, ಎಲ್ ಮೊಸೊತೆ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಏನು ನಡೆದಿತ್ತು ಎಂಬುದು ಹೊರಗಿನ ಲೋಕಕ್ಕೆ ಇನ್ನೂ ಗೊತ್ತಿರಲಿಲ್ಲ. ಅಮೆರಿಕದ ಸಲಹೆಗಾರರಿಂದ ತರಬೇತಿ ಪಡೆದ ಅಟ್ಲಾಕಾಟ್ಲ್ ಎಂಬ ಬೆಟಾಲಿಯನ್ ಆ ಹಳ್ಳಿಗೆ ಹೋಗಿತ್ತು. ಗಂಡಸರನ್ನು ಬೇರೆ, ಹೆಂಗಸರನ್ನು ಬೇರೆ, ಮಕ್ಕಳನ್ನು ಬೇರೆ ಮಾಡಿ ಕೊಂದಿತ್ತು. ಸುತ್ತಲಿನ ಹಳ್ಳಿಗಳನ್ನೂ ಸೇರಿಸಿದರೆ ಸತ್ತವರು ಸುಮಾರು ಸಾವಿರ ಜನ. ಅರ್ಧಕ್ಕಿಂತ ಹೆಚ್ಚು ಮಕ್ಕಳು. ರುಫಿನಾ ಅಮಾಯಾ ಎಂಬ ತಾಯಿ ಸಾಲಿನಿಂದ ಜಾರಿ ಮರದ ಮರೆಯಲ್ಲಿ ಅಡಗಿ ಬದುಕಿ ಉಳಿದರು. ಗಂಡನನ್ನೂ ನಾಲ್ಕು ಮಕ್ಕಳನ್ನೂ ಅಂದು ಕಳೆದುಕೊಂಡರು. ಅಡಗಿದ್ದಲ್ಲಿಂದ ಅವರಿಗೆ ತಮ್ಮ ಮಕ್ಕಳ ಕೂಗು ಕೇಳುತ್ತಿತ್ತು.

ಇಬ್ಬರು ಪತ್ರಕರ್ತರು, ರೇಮಂಡ್ ಬಾನರ್ ಮತ್ತು ಅಲ್ಮಾ ಗಿಯರ್ಮೊಪ್ರಿಯೆಟೊ, ಕಾಡು ದಾರಿಯಲ್ಲಿ ನಡೆದು ಆ ಹಳ್ಳಿ ತಲುಪಿದರು. ಕೊಳೆಯುತ್ತಿದ್ದ ಶವಗಳನ್ನು ಕಂಡರು, ರುಫಿನಾ ಅವರನ್ನು ಮಾತನಾಡಿಸಿದರು. 1982ರ ಜನವರಿ 27ರಂದು ನ್ಯೂಯಾರ್ಕ್ ಟೈಮ್ಸ್ ಮತ್ತು ವಾಷಿಂಗ್ಟನ್ ಪೋಸ್ಟ್ ಎರಡೂ ಪತ್ರಿಕೆಗಳ ಮುಖಪುಟದಲ್ಲಿ ಸುದ್ದಿ ಬಂತು.

ಜನವರಿ 28ರಂದು, ಅಂದರೆ ಮರುದಿನ, ಅಧ್ಯಕ್ಷರು ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ಎಲ್ ಸಾಲ್ವಡಾರ್ ಸರ್ಕಾರ ಮಾನವ ಹಕ್ಕುಗಳಿಗಾಗಿ ಪ್ರಯತ್ನಿಸುತ್ತಿದೆ ಎಂದು.

ಆಮೇಲೆ, ಜನವರಿ 30ರಂದು, ರಾಯಭಾರ ಕಚೇರಿಯ ಇಬ್ಬರು ವಿಚಾರಣೆಗೆ ಹೊರಟರು. ಹೆಲಿಕಾಪ್ಟರಿನಲ್ಲಿ ಮೇಲಿನಿಂದ ನೋಡಿದರು, ಸುತ್ತಮುತ್ತ ಕೆಲವರನ್ನು ಮಾತನಾಡಿಸಿದರು. ಆ ಹಳ್ಳಿಯವರೆಗೆ ಮಾತ್ರ ಹೋಗಲಿಲ್ಲ. ಸೈನ್ಯದ ಕಾವಲಿನಲ್ಲಿ ಹೋದವರು ಅವರು. ಫೆಬ್ರವರಿ 2ರಂದು ವಿದೇಶಾಂಗ ಇಲಾಖೆಯ ಥಾಮಸ್ ಎಂಡರ್ಸ್ ಕಾಂಗ್ರೆಸ್ಸಿನ ಸಮಿತಿಯ ಮುಂದೆ ನಿಂತು, ಸರ್ಕಾರಿ ಪಡೆಗಳು ನಾಗರಿಕರನ್ನು ವ್ಯವಸ್ಥಿತವಾಗಿ ಕೊಂದವೆಂದು ದೃಢಪಡಿಸುವ ಸಾಕ್ಷ್ಯ ಇಲ್ಲ ಎಂಬರ್ಥದ ಮಾತು ಹೇಳಿದರು.

ಆ ಮಾತನ್ನು ಗಮನಿಸಿ. 'ನಡೆದಿಲ್ಲ' ಅನ್ನಲಿಲ್ಲ. 'ಸಾಕ್ಷ್ಯ ಇಲ್ಲ' ಅಂದರು. ಸಾಕ್ಷ್ಯ ಇದ್ದ ಜಾಗಕ್ಕೆ ಕಾಲಿಡದೆ ಬಂದವರ ವರದಿ ಇಟ್ಟುಕೊಂಡು ಹಾಗೆ ಹೇಳಿದರೆ ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. 1982ರ ಜುಲೈನಲ್ಲಿ, 1983ರ ಜನವರಿಯಲ್ಲಿ, ಜುಲೈನಲ್ಲಿ ಪ್ರಮಾಣಪತ್ರಗಳು ಬರುತ್ತಲೇ ಹೋದವು. 1983ರ ಕೊನೆಗೆ ಈ ಷರತ್ತನ್ನು ಮುಂದುವರಿಸುವ ಮಸೂದೆ ಬಂದಾಗ ರೇಗನ್ ಅದಕ್ಕೆ ಸಹಿ ಹಾಕದೆ ಬೀಳಿಸಿದರು. ನೋಡಿದೆನೆಂದು ಹಾಕುವ ಸಹಿಯೂ ಬೇಡವಾಯಿತು.

*ಮಣ್ಣಿನಡಿಯ ಮುದ್ರೆ*

ಯುದ್ಧ ಮುಗಿದ ಮೇಲೆ, 1992ರ ಅಕ್ಟೋಬರಿನಲ್ಲಿ, ಅರ್ಜೆಂಟೀನಾದ ವಿಧಿವಿಜ್ಞಾನ ತಜ್ಞರ ತಂಡ ಎಲ್ ಮೊಸೊತೆಯ ಚರ್ಚಿನ ಪಕ್ಕದ ಮನೆಯ ನೆಲವನ್ನು ಅಗೆಯಿತು. ಆ ಒಂದು ಕಟ್ಟಡದಲ್ಲೇ 143 ಜನರ ಅಸ್ಥಿಗಳು ಸಿಕ್ಕವು. ಅವರಲ್ಲಿ 131 ಮಂದಿ ಹನ್ನೆರಡು ವರ್ಷದೊಳಗಿನ ಮಕ್ಕಳು.

ಅಲ್ಲೇ ಹಾರಿಸಿದ ಗುಂಡುಗಳ 245 ಖಾಲಿ ಕವಚಗಳೂ ಸಿಕ್ಕವು. ಒಂದನ್ನು ಬಿಟ್ಟು ಎಲ್ಲವೂ ಎಂ-16 ಬಂದೂಕಿನವು. ಪ್ರತಿ ಗುಂಡಿನ ಹಿಂಬದಿಯಲ್ಲಿ ತಯಾರಾದ ಕಾರ್ಖಾನೆಯ ಮುದ್ರೆ ಇರುತ್ತದೆ. ಮುದ್ರೆ ಓದಲು ಬರುವಂತಿದ್ದವು 184. ಅವು ಅಮೆರಿಕದ ಸರ್ಕಾರಕ್ಕಾಗಿ ಮಿಸೌರಿ ರಾಜ್ಯದ ಲೇಕ್ ಸಿಟಿಯಲ್ಲಿ ತಯಾರಾದವು ಎಂದು ವಿಶ್ವಸಂಸ್ಥೆಯ ನೆರವಿನಲ್ಲಿ ರಚನೆಯಾದ ಸತ್ಯ ಆಯೋಗ 1993ರ ಮಾರ್ಚ್‌ನಲ್ಲಿ ಬರೆಯಿತು.

ನ್ಯಾಯವಾಗಿ ಇದನ್ನೂ ಹೇಳಬೇಕು: ಗೆರಿಲ್ಲಾಗಳೂ ನಿರಪರಾಧಿಗಳನ್ನು ಕೊಂದಿದ್ದಾರೆ. ಆಯೋಗದ ಮುಂದೆ ಬಂದ ದೂರುಗಳಲ್ಲಿ ಸುಮಾರು ಶೇ. 5ರಷ್ಟು ಅವರ ಮೇಲಿದ್ದವು. ಸುಮಾರು ಶೇ. 85ರಷ್ಟು ಸರ್ಕಾರಿ ಪಡೆಗಳು ಮತ್ತು ಅವುಗಳ ಜೊತೆಗಿದ್ದ ತಂಡಗಳ ಮೇಲಿದ್ದವು.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಲೇಕ್ ಸಿಟಿಯ ಕಾರ್ಖಾನೆಯಲ್ಲಿ ಕೂಲಿಗೆ ದುಡಿದವರಿಗೆ ಎಲ್ ಮೊಸೊತೆ ಎಲ್ಲಿದೆ ಎಂದು ಗೊತ್ತಿರಲಿಕ್ಕಿಲ್ಲ. ತೆರಿಗೆ ಕಟ್ಟಿದವರಿಗೂ ಗೊತ್ತಿರಲಿಲ್ಲ. ಕರ್ಮವೆಂದರೆ ಚೇತನಾ, ಸಂಕಲ್ಪ, ಎಂದು ಬುದ್ಧರು ಹೇಳಿದ್ದಾರಲ್ಲ. ಕೊಲ್ಲುವ ಸಂಕಲ್ಪವೇ ಇಲ್ಲದವರಿಗೆ ಕೊಲೆಯ ಕರ್ಮ ಹೇಗೆ ಅಂಟುತ್ತದೆ?

ನಾನು ಹಲವು ದಿನ ಇಲ್ಲೇ ನಿಂತಿದ್ದೆ. ಆಮೇಲೆ ನನ್ನದೇ ಒಂದು ಸಹಿ ನೆನಪಾಯಿತು.

*ನನ್ನ ಸಹಿ*

ಶಾಲೆಯಲ್ಲಿ ಬಿಸಿಯೂಟ ಬಡಿಸುವ ಮುನ್ನ ಒಬ್ಬ ಶಿಕ್ಷಕರು ರುಚಿ ನೋಡಬೇಕು. ನೋಡಿ, ಊಟ ಚೆನ್ನಾಗಿದೆ ಎಂದು ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಕೆಲವು ವರ್ಷಗಳ ಹಿಂದೆ ಒಂದು ದಿನ, ಪರೀಕ್ಷೆಯ ಅಂಕಪಟ್ಟಿ ಬರೆಯುವ ಗಡಿಬಿಡಿಯಲ್ಲಿ, ಅಡುಗೆಯವರು ಪುಸ್ತಕ ತಂದು ಮೇಜಿನ ಮೇಲಿಟ್ಟರು. ನಾನು ತಲೆ ಎತ್ತದೆ 'ಚೆನ್ನಾಗಿದೆ' ಎಂದು ಬರೆದು ಸಹಿ ಹಾಕಿದೆ. ಐದು ನಿಮಿಷದಲ್ಲಿ ಆರನೇ ತರಗತಿಯ ಹುಡುಗಿ ತಟ್ಟೆ ಹಿಡಿದುಕೊಂಡೇ ಬಂದು, "ಮಿಸ್, ಸಾಂಬಾರು ಒಂಥರಾ ವಾಸನೆ ಬರ್ತಿದೆ" ಅಂದಳು. ಮೂಸಿ ನೋಡಿದೆ. ಬೇಳೆ ಹಳಸಿತ್ತು. ಓಡಿಹೋಗಿ ಬಡಿಸುವುದನ್ನು ನಿಲ್ಲಿಸಿದೆವು. ಯಾರಿಗೂ ಏನೂ ಆಗಲಿಲ್ಲ.

ಮಕ್ಕಳಿಗೆ ಕೆಟ್ಟದ್ದಾಗಲಿ ಎಂಬ ಸಂಕಲ್ಪ ನನಗಿತ್ತೇ? ಖಂಡಿತ ಇಲ್ಲ. ಹಾಗಾದರೆ ನನ್ನಲ್ಲಿ ಇದ್ದ ಚೇತನಾ ಯಾವುದು? ಎದ್ದು ಹೋಗಿ ನೋಡುವುದು ಬೇಡ, ನನ್ನ ಕೆಲಸ ಕೆಡುತ್ತದೆ ಎಂಬುದು. ಅದೂ ಒಂದು ಸಂಕಲ್ಪವೇ. ತಿಳಿಯದಿರುವುದು ಬೇರೆ, ತಿಳಿಯಲು ಒಲ್ಲದಿರುವುದು ಬೇರೆ. ಮೊದಲನೆಯದು ಅಜ್ಞಾನ. ಎರಡನೆಯದು ಕರ್ಮ.

ಇನ್ನೊಂದು ವಿಷಯವೂ ಅಂದು ಹೊಳೆಯಿತು. ನಾನು ಸಹಿ ಹಾಕದೇ ಇದ್ದಿದ್ದರೆ ಅಡುಗೆಯವರು ಇನ್ನೊಬ್ಬ ಶಿಕ್ಷಕರ ಬಳಿ ಹೋಗುತ್ತಿದ್ದರು. ಅವರು ರುಚಿ ನೋಡುತ್ತಿದ್ದರೇನೋ. ನೋಡದೆ ಹಾಕಿದ ಸಹಿ ನೋಡುವವರ ದಾರಿಯನ್ನೂ ಮುಚ್ಚುತ್ತದೆ. ಒಬ್ಬರು ನೋಡಿದ್ದಾರೆ ಎಂದು ಉಳಿದವರೆಲ್ಲ ಸುಮ್ಮನಾಗುತ್ತಾರೆ. 1982ರ ಪ್ರಮಾಣಪತ್ರಗಳು ಮಾಡಿದ್ದೂ ಇದನ್ನೇ. ಕಾಂಗ್ರೆಸ್ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ ಹಾಗೆ ಮಾಡಿ, ಪ್ರಶ್ನೆಯನ್ನೇ ಮುಚ್ಚಿಹಾಕಿದವು.

*ಉಪೋಸಥ ಮತ್ತು ಪವಾರಣಾ*

ವಿನಯದಲ್ಲಿ ಇದಕ್ಕೆ ಹತ್ತಿರದ ಎರಡು ಪದ್ಧತಿಗಳಿವೆ. ನಮಗೆ ಪರಿಚಿತವಾದವೇ.

ಮೊದಲನೆಯದು ಉಪೋಸಥ. ಹದಿನೈದು ದಿನಕ್ಕೊಮ್ಮೆ ಭಿಕ್ಷುಗಳು ಸೇರಿ ಪಾತಿಮೊಕ್ಖದ ನಿಯಮಗಳನ್ನು ಹೇಳುತ್ತಾರೆ. ನೀವು ಇದರಲ್ಲಿ ಪರಿಶುದ್ಧರೇ ಎಂದು ಮೂರು ಸಲ ಕೇಳುತ್ತಾರೆ. ಮೌನವಾಗಿದ್ದರೆ ಪರಿಶುದ್ಧರು ಎಂದೇ ಅರ್ಥ. ತಪ್ಪು ನೆನಪಿದ್ದೂ ಮೌನವಾಗಿದ್ದರೆ ಅದು ತಿಳಿದೇ ಆಡಿದ ಸುಳ್ಳು. ಆರು ತಿಂಗಳಿಗೊಮ್ಮೆಯ ಪ್ರಮಾಣಪತ್ರ ಇದರ ಹಾಗೆಯೇ. ಕೇಳುವವರು ಕೇಳುತ್ತಾರೆ, ಉತ್ತರ ಹೇಳಬೇಕಾದವನು ತನ್ನ ಮನಸ್ಸಾಕ್ಷಿಗೆ ಹೇಳಿಕೊಳ್ಳುತ್ತಾನೆ. ಮನಸ್ಸಾಕ್ಷಿ ಎಚ್ಚರವಾಗಿದ್ದರೆ ಇದು ಸಾಕು. ಇಲ್ಲದಿದ್ದರೆ?

ಅದಕ್ಕೇ ಎರಡನೆಯ ಪದ್ಧತಿ, ಪವಾರಣಾ. ಅದು ಹುಟ್ಟಿದ ಕಥೆ ಮಹಾವಗ್ಗದಲ್ಲಿದೆ. ಕೋಸಲದಲ್ಲಿ ಕೆಲವು ಭಿಕ್ಷುಗಳು ಒಟ್ಟಿಗೆ ವರ್ಷಾವಾಸ ಮಾಡಿದರು. ಜಗಳವಾಗಬಾರದು ಎಂದು ಮೂರು ತಿಂಗಳು ಒಬ್ಬರಿಗೊಬ್ಬರು ಮಾತನ್ನೇ ಆಡಲಿಲ್ಲ. ಬಂದು ಬುದ್ಧರಿಗೆ ಹೇಳಿಕೊಂಡರು, ನಾವು ತುಂಬಾ ಸೌಹಾರ್ದದಿಂದ ಇದ್ದೆವು ಎಂದು. ಬುದ್ಧರು ಮೆಚ್ಚಲಿಲ್ಲ. ಪಶುಗಳ ಹಾಗೆ ಇದ್ದು ಅದನ್ನು ಸೌಹಾರ್ದ ಅನ್ನುತ್ತೀರಾ ಎಂದು ಗದರಿದರು. ವರ್ಷಾವಾಸದ ಕೊನೆಗೆ ಪ್ರತಿ ಭಿಕ್ಷುವೂ ಸಂಘದ ಮುಂದೆ ಕುಳಿತು, ನನ್ನ ತಪ್ಪನ್ನು ನೀವು ಕಂಡಿದ್ದರೆ, ಕೇಳಿದ್ದರೆ, ಶಂಕಿಸಿದ್ದರೆ ಕರುಣೆಯಿಟ್ಟು ಹೇಳಿ, ನಾನು ತಿದ್ದಿಕೊಳ್ಳುತ್ತೇನೆ ಎಂದು ಬೇಡಿಕೊಳ್ಳುವ ನಿಯಮ ಮಾಡಿದರು.

ಕಂಡದ್ದು, ಕೇಳಿದ್ದು, ಶಂಕಿಸಿದ್ದು. ಈ ಮೂರನ್ನೂ ಬುದ್ಧರು ಒಳಗೆ ಬಿಟ್ಟರು. ಪೂರ್ತಿ ಸಾಬೀತಾಗಿದ್ದರೆ ಮಾತ್ರ ಬಾಯಿ ಬಿಡಿ ಅನ್ನಲಿಲ್ಲ. ಶಂಕೆ ಬಂದರೂ ಹೇಳು, ಆಮೇಲೆ ವಿಚಾರಿಸೋಣ ಎಂಬ ಭಾವ. ಎಲ್ ಮೊಸೊತೆಯಲ್ಲಿ ಕಂಡವರಿದ್ದರು, ರುಫಿನಾ. ಕೇಳಿ ಬರೆದವರಿದ್ದರು, ಪತ್ರಕರ್ತರು. ಶಂಕಿಸಿದವರು ಕಾಂಗ್ರೆಸ್ಸಿನಲ್ಲೇ ಇದ್ದರು. ಇಲ್ಲದೇ ಇದ್ದದ್ದು ಹೇಳಿ ಎಂದು ಅವರ ಮುಂದೆ ಕೂರುವ ಮನಸ್ಸು.

ಮಿತ್ರದೇಶಗಳ ನಡುವಿನ ಮೌನವನ್ನು ರಾಜತಾಂತ್ರಿಕರು ಸೌಹಾರ್ದ ಅನ್ನುತ್ತಾರೆ. ಕೋಸಲದ ಭಿಕ್ಷುಗಳೂ ಅದನ್ನೇ ಅಂದಿದ್ದರು.

*ಎದ್ದು ಹೋಗಿ ನೋಡಿದವರು*

ಎಂಟು ವರ್ಷಗಳ ಮೇಲೆ, 1989ರ ನವೆಂಬರ್ 16ರಂದು, ಅದೇ ಅಟ್ಲಾಕಾಟ್ಲ್ ಬೆಟಾಲಿಯನ್ನಿನ ಸೈನಿಕರು ರಾಜಧಾನಿಯ ವಿಶ್ವವಿದ್ಯಾಲಯವೊಂದಕ್ಕೆ ರಾತ್ರಿ ನುಗ್ಗಿ ಆರು ಜೆಸ್ವಿಟ್ ಪಾದ್ರಿಗಳನ್ನೂ, ಮನೆಗೆಲಸದ ಒಬ್ಬ ತಾಯಿಯನ್ನೂ, ಆಕೆಯ ಹದಿನಾರರ ಮಗಳನ್ನೂ ಕೊಂದರು. ಮೊದಲ ಕೊಲೆಗಳಿಗೆ ಕೇಳದ ಪ್ರಶ್ನೆಗೆ ಎಂಟು ವರ್ಷದ ಬಡ್ಡಿ ಸೇರಿತ್ತು.

ಈ ಸಲ ಅಮೆರಿಕದ ಪ್ರತಿನಿಧಿ ಸಭೆ ಪ್ರಮಾಣಪತ್ರ ಕೇಳಿ ಸುಮ್ಮನಾಗಲಿಲ್ಲ. ಬಾಸ್ಟನ್ ನಗರದ ಜೋ ಮೋಕ್ಲಿ ಎಂಬ ಸದಸ್ಯರ ನೇತೃತ್ವದಲ್ಲಿ ಒಂದು ತನಿಖಾ ಗುಂಪನ್ನು ಮಾಡಿತು. ಮೋಕ್ಲಿ ವಿದೇಶಾಂಗ ಪಂಡಿತರಲ್ಲ, ತಮ್ಮ ಕ್ಷೇತ್ರದ ಜನರ ಕೆಲಸ ಮಾಡಿಸಿಕೊಡುವ ರಾಜಕಾರಣಿ. ಅವರು ಆ ದೇಶಕ್ಕೆ ಹೋದರು, ಅಧಿಕಾರಿಗಳನ್ನು ಪ್ರಶ್ನಿಸಿದರು, ಉತ್ತರ ತೃಪ್ತಿಯಾಗದಿದ್ದಾಗ ಮತ್ತೆ ಪ್ರಶ್ನಿಸಿದರು. ಕೊಲೆಯ ಜವಾಬ್ದಾರಿ ಸೈನ್ಯದ ಮೇಲಿನವರವರೆಗೂ ಹೋಗುತ್ತದೆ, ಸೈನ್ಯ ತನಿಖೆಗೆ ಅಡ್ಡಿ ಮಾಡುತ್ತಿದೆ ಎಂದು ಬಹಿರಂಗವಾಗಿ ಹೇಳಿದರು. 1990ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಮಿಲಿಟರಿ ನೆರವನ್ನು ಅರ್ಧಕ್ಕೆ ಇಳಿಸಿತು. 1991ರ ಸೆಪ್ಟೆಂಬರಿನಲ್ಲಿ ಒಬ್ಬ ಕರ್ನಲ್ ಆ ಕೊಲೆಗಾಗಿ ತಪ್ಪಿತಸ್ಥನೆಂದು ತೀರ್ಪಾಯಿತು. 1992ರ ಜನವರಿ 16ರಂದು ಶಾಂತಿ ಒಪ್ಪಂದವಾಯಿತು. ಆ ಬೆಟಾಲಿಯನ್ ಅದೇ ವರ್ಷ ವಿಸರ್ಜನೆಯಾಯಿತು.

ಇದೆಲ್ಲ ನೆರವು ಕಡಿತ ಒಂದರಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಶೀತಲ ಸಮರ ಮುಗಿದಿತ್ತು, ಎರಡೂ ಕಡೆ ದಣಿದಿದ್ದವು. ಕಡಿತವೂ ಬಹಳ ದಿನ ಬಿಗಿಯಾಗಿ ಉಳಿಯಲಿಲ್ಲ. 1991ರ ಜನವರಿಯಲ್ಲಿ ಗೆರಿಲ್ಲಾಗಳು ಸೆರೆಸಿಕ್ಕ ಇಬ್ಬರು ಅಮೆರಿಕನ್ ಸೈನಿಕರನ್ನು ಕೊಂದ ಮೇಲೆ ಅಧ್ಯಕ್ಷ ಬುಷ್ ತಡೆಹಿಡಿದ ಹಣವನ್ನು ಬಿಡುಗಡೆ ಮಾಡಿದರು. ಪ್ರತೀತ್ಯ ಸಮುತ್ಪಾದ ಓದಿದ ನಾವು ಒಂದೇ ಕಾರಣ ಹುಡುಕಬಾರದು. ಆದರೆ ಕೊಲ್ಲುವವನಿಗೆ ತನ್ನ ಹಿಂದೆ ನಿಂತವನು ನೋಡುತ್ತಿದ್ದಾನೆ ಎಂದು ಮೊದಲ ಸಲ ಗೊತ್ತಾಯಿತು. ಅದೂ ಒಂದು ಕಾರಣ.

ಆ ಅನುಭವಗಳ ಮೇಲೆಯೇ 1997ರಲ್ಲಿ ಸೆನೆಟರ್ ಪ್ಯಾಟ್ರಿಕ್ ಲೇಹಿ ಅವರ ಹೆಸರಿನ ಕಾನೂನು ಬಂತು. ಅದರ ತಿರುಳು ಸರಳ. ಯಾವುದೇ ದೇಶದ ಭದ್ರತಾ ಪಡೆಯ ಒಂದು ಘಟಕ ಚಿತ್ರಹಿಂಸೆ, ಕಾನೂನುಬಾಹಿರ ಹತ್ಯೆ, ಕಣ್ಮರೆ ಮಾಡುವುದು, ಅತ್ಯಾಚಾರ ಇಂಥ ಘೋರ ಕೃತ್ಯ ಎಸಗಿದೆ ಎಂಬ ನಂಬಲರ್ಹ ಮಾಹಿತಿ ಇದ್ದರೆ ಆ ಘಟಕಕ್ಕೆ ನೆರವು ಕೊಡುವಂತಿಲ್ಲ. ಆ ದೇಶ ತಪ್ಪಿತಸ್ಥರನ್ನು ಶಿಕ್ಷಿಸಲು ನಿಜವಾದ ಕ್ರಮ ಕೈಗೊಂಡರೆ ಮತ್ತೆ ಕೊಡಬಹುದು. ಸಾಬೀತಾದ ಅಪರಾಧ ಅನ್ನಲಿಲ್ಲ, ನಂಬಲರ್ಹ ಮಾಹಿತಿ ಅಂದರು. ಕಂಡದ್ದು, ಕೇಳಿದ್ದು, ಶಂಕಿಸಿದ್ದು ಎಂಬ ಮಾತಿಗೆ ಇದು ಎಷ್ಟು ಹತ್ತಿರ ನೋಡಿ. ತಿದ್ದಿಕೊಂಡವರಿಗೆ ಬಾಗಿಲೂ ತೆರೆದಿದೆ.

ಕಾನೂನು ಇದ್ದ ಮಾತ್ರಕ್ಕೆ ಕಣ್ಣು ತೆರೆಯುವುದಿಲ್ಲ ಎಂಬುದೂ ನಿಜ. ಅಮೆರಿಕದ ಇನ್ನೊಂದು ಹಳೆಯ ಕಾನೂನಿನ ಪ್ರಕಾರ, ನೆರವು ಪಡೆಯುವ ದೇಶದ ಮಾನವ ಹಕ್ಕು ಸ್ಥಿತಿಯ ಬಗ್ಗೆ ವರದಿ ಕೊಡಿ ಎಂದು ಕಾಂಗ್ರೆಸ್ಸಿನ ಒಂದು ಸದನ ಕೇಳಬಹುದು. 2024ರ ಜನವರಿಯಲ್ಲಿ ಸೆನೆಟರ್ ಬರ್ನಿ ಸ್ಯಾಂಡರ್ಸ್ ಇಸ್ರೇಲಿನ ಬಗ್ಗೆ ಅಂಥ ವರದಿ ಕೇಳೋಣ ಎಂದು ನಿರ್ಣಯ ತಂದರು. ಅದನ್ನು 72–11 ಮತಗಳಿಂದ ಬದಿಗಿಟ್ಟರು. ಆ ಯುದ್ಧದ ಬಗ್ಗೆ ನಮ್ಮ ಬಳಗದಲ್ಲೇ ಬೇರೆ ಬೇರೆ ಅಭಿಪ್ರಾಯಗಳಿವೆ, ಇರಲಿ. ಆದರೆ ಅಂದು ಮತಕ್ಕೆ ಹಾಕಿದ್ದು ನೆರವು ನಿಲ್ಲಿಸಬೇಕೇ ಎಂಬುದನ್ನಲ್ಲ, ವರದಿ ಕೇಳಬೇಕೇ ಎಂಬುದನ್ನು. ರುಚಿ ನೋಡೋಣವೇ ಎಂದು ಕೇಳಿದ್ದಕ್ಕೇ ಬೇಡ ಅಂದ ಹಾಗೆ.

*ಒಂದು ಆಕ್ಷೇಪ*

ಇದಕ್ಕೆ ಗಟ್ಟಿಯಾದ ಆಕ್ಷೇಪ ಒಂದಿದೆ. ನೆರವು ನಿಲ್ಲಿಸಿದರೆ ಆ ಸೈನ್ಯ ಇನ್ನೊಬ್ಬರ ಬಳಿ ಹೋಗುತ್ತದೆ, ಅವರು ಏನನ್ನೂ ಕೇಳುವುದಿಲ್ಲ. ನಾವು ಜೊತೆಗಿದ್ದರೆ ಬುದ್ಧಿ ಹೇಳುವ ಅವಕಾಶವಾದರೂ ಇರುತ್ತದೆ. ನಮ್ಮ ಕೈ ಶುದ್ಧವಾಗಿಟ್ಟುಕೊಳ್ಳಲು ಅಲ್ಲಿಯವರನ್ನು ಇನ್ನೂ ಕೆಟ್ಟವರ ಕೈಗೆ ಒಪ್ಪಿಸುವುದು ಕರುಣೆಯೇ?

ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಮನೆಯಲ್ಲಿ ಕುಡಿಯುವ ಮಗನಿಗೆ ದುಡ್ಡು ಕೊಡಬೇಕೋ ಬೇಡವೋ ಎಂದು ಸಂಕಟಪಡುವ ತಾಯಂದಿರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಕೊಡದಿದ್ದರೆ ಸಾಲ ಮಾಡುತ್ತಾನೆ, ಕೊಟ್ಟರೆ ಕುಡಿಯುತ್ತಾನೆ. ಆದರೆ ಕೊಡುವ ತಾಯಿಯೂ ಅವನು ಕುಡಿಯುವುದಿಲ್ಲ ಎಂದು ಊರಿಗೆಲ್ಲ ಪ್ರಮಾಣ ಮಾಡಿ ಹೇಳುವುದಿಲ್ಲ. ಗೊತ್ತಿದ್ದೂ ಕೊಡುವ ಅನಿವಾರ್ಯತೆ ಬಂದರೆ, ಗೊತ್ತಿದೆ ಎಂದು ಒಪ್ಪಿಕೊಂಡು ಕೊಡಲಿ. ಆಗ ಆ ನಿರ್ಧಾರವನ್ನು ಜನ ತೂಗಿ ನೋಡಬಹುದು. ಜೊತೆಗಿದ್ದು ಬುದ್ಧಿ ಹೇಳುತ್ತೇವೆ ಅನ್ನುವವರಿಗೆ ಮೊದಲು ಬೇಕಾದದ್ದು ಸತ್ಯವನ್ನು ಹೇಳುವ ಬಾಯಿ. ತಪ್ಪನ್ನೇ ಕಾಣದವರು ಏನೆಂದು ಬುದ್ಧಿ ಹೇಳಿಯಾರು?

*ನಮ್ಮ ಅಂಗಳ*

ಇದು ದೂರದ ಕಥೆ ಎಂದುಕೊಳ್ಳಬೇಡಿ. ನಮ್ಮ ದೇಶದ ರಕ್ಷಣಾ ರಫ್ತು 2023–24ರಲ್ಲಿ 21,000 ಕೋಟಿ ರೂಪಾಯಿ ದಾಟಿತು. ರಕ್ಷಣಾ ಸಾಮಗ್ರಿ ತಯಾರಿಸುವ ದೊಡ್ಡ ಕಾರ್ಖಾನೆಗಳು ನಮ್ಮ ಬೆಂಗಳೂರಿನಲ್ಲೇ ಇವೆ. ಅಲ್ಲಿ ಕೆಲಸ ಸಿಗಲಿ ಎಂದು ನಮ್ಮ ವಿದ್ಯಾರ್ಥಿಗಳು ಕನಸು ಕಾಣುತ್ತಾರೆ. ಅವರನ್ನು ನಾನು ದೂರುತ್ತಿಲ್ಲ. ದೇಶ ತನ್ನ ಗಡಿ ಕಾಯಬೇಕು ಎಂಬುದೂ ನನಗೆ ಗೊತ್ತು. ಆದರೆ ನಾವು ಮಾರಿದ್ದು, ಕೊಟ್ಟದ್ದು ಯಾರ ಕೈಯಲ್ಲಿ ಏನಾಗುತ್ತದೆ ಎಂದು ಕೇಳುವವರು ಯಾರು? ರಫ್ತಿಗೆ ಸರ್ಕಾರದ ಪರವಾನಗಿ ಬೇಕು, ನಿಜ. ಪಡೆಯುವ ಪಡೆಯ ಮಾನವ ಹಕ್ಕುಗಳ ದಾಖಲೆಯನ್ನು ನೋಡಲೇಬೇಕು ಎಂದು ಕಟ್ಟಿಹಾಕುವ ಲೇಹಿ ಕಾನೂನಿನಂಥದ್ದು ನಮ್ಮಲ್ಲಿ ಇಲ್ಲ. ಶಸ್ತ್ರ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ವಿಶ್ವಸಂಸ್ಥೆಯಲ್ಲಿ ಮತಕ್ಕೆ ಬಂದಾಗ ಭಾರತ ಮತ ಹಾಕದೆ ಉಳಿಯಿತು. ಸರ್ಕಾರ ಅದಕ್ಕೆ ತನ್ನದೇ ಕಾರಣಗಳನ್ನು ಕೊಟ್ಟಿತು. ಆದರೂ ಈ ಪ್ರಶ್ನೆ ನಮ್ಮ ಸಂಸತ್ತಿನಲ್ಲಿ ಕೇಳಬೇಕಾದ ಪ್ರಶ್ನೆಯೇ. ಸಂಸತ್ತಿನಲ್ಲಿ ಕೇಳಬೇಕಾದರೆ ಮೊದಲು ನಾವು ಕೇಳಬೇಕು.

*ಹಿರಿಯರಿಗೆ ಉತ್ತರ*

ಅಣ್ಣಾ, ಯಾರ ಖಾತೆಗೆ ಬರೆಯೋದು ಎಂದು ಕೇಳಿದ್ದಿರಿ. ನಿಮ್ಮ ಬ್ಯಾಂಕಿನ ಲೆಕ್ಕಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ ಅನ್ನಿಸುತ್ತದೆ. ಸಾಲವನ್ನು ನಾಲ್ಕು ಜನಕ್ಕೆ ಹಂಚಿದರೆ ಒಬ್ಬೊಬ್ಬರ ಪಾಲು ಕಡಿಮೆಯಾಗುತ್ತದೆ. ಕರ್ಮ ಹಾಗೆ ಹಂಚಿಹೋಗುವುದಿಲ್ಲ. ಒಂದೇ ಉದ್ದೇಶಕ್ಕೆ ಸೇರಿದ ಸೈನ್ಯದಲ್ಲಿ ಒಬ್ಬ ಕೊಂದರೂ ಕೊಲೆಯ ದೋಷ ಎಲ್ಲರಿಗೂ ಪೂರ್ತಿಯಾಗಿಯೇ ಬರುತ್ತದೆ ಎಂದು ವಸುಬಂಧು ಅಭಿಧರ್ಮಕೋಶದಲ್ಲಿ ವಾದಿಸುತ್ತಾರೆ. ಗುಂಡು ಹೊಡೆದವನದು ಅವನಿಗೆ ಪೂರ್ತಿ. ಆಜ್ಞೆ ಕೊಟ್ಟವನದು ಅವನಿಗೆ ಪೂರ್ತಿ. ಪತ್ರಿಕೆ ಓದಿದ ಮರುದಿನ ಸಹಿ ಹಾಕಿದವನದು ಅವನಿಗೆ ಪೂರ್ತಿ.

ತೆರಿಗೆ ಕಟ್ಟಿದವರದು? ಕಟ್ಟಿದ ಕ್ಷಣದಲ್ಲಿ ಅವರಿಗೇನೂ ಅಂಟುವುದಿಲ್ಲ ಎಂದು ನನ್ನ ತಿಳಿವಳಿಕೆ. ಗೊತ್ತಾದ ಕ್ಷಣದಿಂದ ಅವರ ಲೆಕ್ಕ ಶುರು. ತಾನು ಕೊಲ್ಲದಿರುವುದು, ಇತರರೂ ಕೊಲ್ಲದಂತೆ ಪ್ರೇರೇಪಿಸುವುದು, ಕೊಲ್ಲದಿರುವುದನ್ನು ಮೆಚ್ಚಿ ಮಾತಾಡುವುದು, ಹೀಗೆ ಶೀಲಕ್ಕೆ ಮೂರು ಮುಖಗಳನ್ನು ಬುದ್ಧರು ವೇಳುದ್ವಾರದ ಗೃಹಸ್ಥರಿಗೆ ಹೇಳಿದರು. ನಾವು ಬೆಳಿಗ್ಗೆ ಪಂಚಶೀಲ ಹೇಳುವಾಗ ಮೊದಲನೆಯ ಮುಖವನ್ನಷ್ಟೇ ನೆನೆಯುತ್ತೇವೆ. ನಮ್ಮ ಪರವಾಗಿ ಸಹಿ ಹಾಕುವವರನ್ನು ಕೇಳುವುದು ಎರಡನೆಯದಕ್ಕೆ ಸೇರಿದ್ದು.

ರುಫಿನಾ ಅಮಾಯಾ 2007ರಲ್ಲಿ ತೀರಿಕೊಂಡರು. ಕಂಡದ್ದನ್ನು ಕಾಲು ಶತಮಾನ ಹೇಳುತ್ತಲೇ ಇದ್ದರು. ಆಕೆ ತೀರಿಕೊಂಡು ಐದು ವರ್ಷದ ಮೇಲೆ, 2012ರಲ್ಲಿ, ಎಲ್ ಸಾಲ್ವಡಾರ್‌ನ ಅಧ್ಯಕ್ಷರು ಸರ್ಕಾರದ ಪರವಾಗಿ ಎಲ್ ಮೊಸೊತೆಯ ಕ್ಷಮೆ ಕೇಳಿದರು.

ಆ ಹುಡುಗಿ ತಟ್ಟೆ ಹಿಡಿದು ಬಂದ ದಿನದಿಂದ ನಾನು ರುಚಿ ನೋಡದೆ ಸಹಿ ಹಾಕಿಲ್ಲ. ಅಂದು ಅವಳಿಗೆ ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ಮೊದಲು ಅವಮಾನವಾಗಿತ್ತು. ಈಗ ಅವಳು ಕಾಲೇಜಿನಲ್ಲಿದ್ದಾಳೆ. ಸಿಕ್ಕರೆ ಹೇಳಬೇಕು.

*ಇಂದಿನ ಅಭ್ಯಾಸ:* ಇವತ್ತು ನೀವು ಸಹಿ ಹಾಕುವ, 'ಸರಿ' ಅನ್ನುವ, ನೋಡಿದೆ ಎಂದು ಒತ್ತುವ ಒಂದಾದರೂ ಕಡೆ ಒಂದು ಕ್ಷಣ ನಿಲ್ಲಿ. ನಿಜವಾಗಿ ನೋಡಿದ್ದೇನೆಯೇ? ನೋಡದಿದ್ದರೆ, ನೋಡದಿರಲು ನನಗೇನು ಲಾಭ? ಸಂಜೆ ಮನೆಯಲ್ಲಿ ಒಬ್ಬರ ಎದುರು ಕುಳಿತು, ನನ್ನ ತಪ್ಪು ಕಂಡಿದ್ದರೆ ಹೇಳು ಎಂದು ಕೇಳಿ. ಅವರು ಹೇಳಿದಾಗ ಎದುರು ವಾದಿಸಬೇಡಿ.

ಸಕಲ ಜೀವಿಗಳಿಗೂ ಮಂಗಳವಾಗಲಿ. 🙏🪷